ಮನೆಯ ಹಿಂದಿನ ಬರೆ ಜರಿದಿದೆ: ಮೊದಲು ಕಲ್ಲು ಕಟ್ಟಿಸುವುದೋ, ಪರಿಹಾರಕ್ಕೆ ಅರ್ಜಿ ಕೊಡುವುದೋ?

ಪ್ರಶ್ನೆ (ಅಡಿಕೆ ಕೃಷಿಕ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪ)

ಮಾನ್ಯರೇ, ಕಳೆದ ವಾರದ ಎಡೆಬಿಡದ ಮಳೆಗೆ ನಮ್ಮ ಮನೆಯ ಹಿಂಬದಿಯ ಬರೆ (ಗುಡ್ಡ ಕಡಿದ ಕಡಿದಾದ ಮಣ್ಣಿನ ಗೋಡೆ) ಜರಿದು ದನದ ಹಟ್ಟಿಯ ಒಂದು ಪಾರ್ಶ್ವ ಮಣ್ಣಿನಡಿಯಾಗಿದೆ. ಕೆಳಗಿನ ತೋಟದಲ್ಲಿ ಫಲ ಕೊಡುತ್ತಿದ್ದ ಅಡಿಕೆ ಮರಗಳು ಬುಡಸಹಿತ ಉರುಳಿವೆ. ದನಗಳಿಗೆ ಅಪಾಯವಾಗಿಲ್ಲ. ಜರಿದ ಜಾಗದಲ್ಲಿ ಮೇಲೆ ಮುರಕಲ್ಲು (ಜಂಬಿಟ್ಟಿಗೆ ಕಲ್ಲು), ಅದರಡಿಯಲ್ಲಿ ಬಿಳಿ ಮತ್ತು ನಸುಗೆಂಪು ಬಣ್ಣದ ಶೇಡಿಮಣ್ಣು (ಜೇಡಿಯಂತಹ ನುಣುಪು ಮಣ್ಣು) ಕಾಣಿಸುತ್ತಿದೆ. ಬರೆಯ ನೆತ್ತಿಯಲ್ಲಿ ಇಂಗುಗುಂಡಿಗಳಿವೆ, ಪಕ್ಕದಲ್ಲಿ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ, ಈಗಲೂ ನೀರಿರುವ ಹಳೆಯ ಸುರಂಗವಿದೆ. ಕೂಡಲೇ ಕಲ್ಲು ಕಟ್ಟಿಸಬೇಕೆಂದು ಮನೆಯವರು ಹೇಳಿದರೆ, ಮಣ್ಣು ಮುಟ್ಟಿದರೆ ಪರಿಹಾರ ಸಿಗದೆಂದು ನೆರೆಯವರು ಹೇಳುತ್ತಾರೆ. ಅರ್ಜಿಯನ್ನು ಕನ್ನಡದಲ್ಲಿ ಕೊಡಬಹುದೇ?

ಉತ್ತರ 1 (ಸಿವಿಲ್ ಎಂಜಿನಿಯರ್, ಮುಳ್ಳೇರಿಯ)

ಮಳೆಗಾಲ ಮುಗಿಯುವ ತನಕ ಗೋಡೆಯ ಯೋಚನೆ ಬೇಡ. ಮುರಕಲ್ಲಿನ ತೂತು, ಬಿರುಕುಗಳಲ್ಲಿ ಸಲೀಸಾಗಿ ಇಳಿಯುವ ನೀರು ಶೇಡಿಯನ್ನು ಮುಟ್ಟಿದೊಡನೆ ಮುಂದೆ ಹೋಗಲು ದಾರಿಯಿಲ್ಲದೆ ಅಲ್ಲೇ ತುಂಬಿಕೊಳ್ಳುತ್ತದೆ. ಆಗ ಶೇಡಿ ಬೆಣ್ಣೆಯ ಹಾಗೆ ಮೆತ್ತಗಾಗಿ, ಮೇಲಿನ ಗಟ್ಟಿ ಪದರವನ್ನೂ ಹೊತ್ತುಕೊಂಡು ಜಾರುತ್ತದೆ. ಬುಡಕ್ಕೆ ಅಗೆತ ಹಾಕಿದರೆ ಉಳಿದ ಆಧಾರವೂ ಹೋದಂತೆ. 2025ರ ಜುಲೈಯಲ್ಲಿ ಚೆರ್ವತ್ತೂರಿನ ವೀರಮಲೆ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕುಸಿದುದನ್ನು ನಾವೆಲ್ಲ ನೋಡಿದ್ದೇವೆ. ಅಷ್ಟು ದೊಡ್ಡ ಕಾಮಗಾರಿಯಲ್ಲೂ ಕಡಿದ ಗುಡ್ಡ ನಿಲ್ಲಲಿಲ್ಲ.

ಈಗ ಮಾಡಬೇಕಾದದ್ದು ನೀರನ್ನು ಬೇರೆಡೆಗೆ ತಿರುಗಿಸುವ ಕೆಲಸ. ನೆತ್ತಿಯ ಇಂಗುಗುಂಡಿಗಳಿಗೆ ನೀರು ಬಾರದಂತೆ ಮಾಡಿ, ಬರೆಯ ಅಂಚಿನಿಂದ ಸಾಕಷ್ಟು ಹಿಂದೆ ಚರಂಡಿ ಅಗೆದು ನೀರನ್ನು ಪಕ್ಕದ ತೋಡಿಗೆ (ಸಣ್ಣ ಹಳ್ಳಕ್ಕೆ) ಬಿಡಿ. ಇಂಗುಗುಂಡಿ ಒಳ್ಳೆಯದೆಂದು ಎಲ್ಲೆಂದರಲ್ಲಿ ತೋಡಿಸುವ ಉತ್ಸಾಹ ನಮ್ಮಲ್ಲಿ ಸ್ವಲ್ಪ ಹೆಚ್ಚೇ ಇದೆ; ಕಡಿದ ಬರೆಯ ತಲೆಯ ಮೇಲೆ ಅದು ಸಲ್ಲದು. ಸುರಂಗದ ಬಾಯಿಯನ್ನು ಮುಚ್ಚಬೇಡಿ, ಒಳಗೂ ಹೋಗಬೇಡಿ. ಅದರಿಂದ ಬರುವ ನೀರು ಒಮ್ಮೆಲೇ ಕೆಂಪಾದರೆ ಅಥವಾ ನಿಂತುಹೋದರೆ ಕೂಡಲೇ ಮನೆ ಬಿಡಿ. ಗೋಡೆಯನ್ನು ಬೇಸಿಗೆಯಲ್ಲಿ ಕಟ್ಟಿಸುವಾಗ ಹಿಂಭಾಗಕ್ಕೆ ಜಲ್ಲಿ ತುಂಬಿಸಿ, ನೀರು ಹೊರಬರಲು ಸಾಲುಸಾಲಾಗಿ ಪೈಪು ಇಡಿಸಬೇಕು.

ಉತ್ತರ 2 (ಕಂದಾಯ ಇಲಾಖೆಯ ನಿವೃತ್ತ ನೌಕರ, ಕುಂಬಳೆ)

ಕನ್ನಡದಲ್ಲಿಯೇ ಕೊಡಿ. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಮನೆ ಮತ್ತು ಹಟ್ಟಿಯ ಹಾನಿಗೆ ಗ್ರಾಮಾಧಿಕಾರಿಗೆ, ಬೆಳೆಹಾನಿಗೆ ಕೃಷಿಭವನಕ್ಕೆ ಪ್ರತ್ಯೇಕ ಅರ್ಜಿ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ಮಣ್ಣು ತೆಗೆಯುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ; ಬಿದ್ದ ಮರಗಳನ್ನು ಎಣಿಸುವ ಮೊದಲೇ ಕಡಿದು ಸಾಗಿಸಬೇಡಿ.

ಮೊತ್ತದ ಬಗ್ಗೆ ದೊಡ್ಡ ನಿರೀಕ್ಷೆ ಬೇಡ. 2022–26ರ ಅವಧಿಗೆ ಕೇಂದ್ರವು ನಿಗದಿಪಡಿಸಿದ ವಿಪತ್ತು ಪರಿಹಾರ ನಿಧಿಯ ಮಾನದಂಡದಲ್ಲಿ ಮನೆಗೆ ಹೊಂದಿದ ಹಟ್ಟಿಗೆ 3,000 ರೂಪಾಯಿ. ಅದು ಒಂದು ಲೋಡು ಕಲ್ಲಿಗೂ ಸಾಲದು. ಅಡಿಕೆಯಂತಹ ಬಹುವಾರ್ಷಿಕ ಬೆಳೆಗೆ ಶೇಕಡಾ 33ಕ್ಕಿಂತ ಕಡಿಮೆಯಿಲ್ಲದ ನಷ್ಟವಾಗಿದ್ದರೆ ಹೆಕ್ಟೇರಿಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಸೀಮಿತ. ಹೊಸ ಸಸಿ ಫಲಕ್ಕೆ ಬರಲು ಹಿಡಿಯುವ ವರ್ಷಗಳ ಲೆಕ್ಕ ಇದರಲ್ಲಿ ಇಲ್ಲ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಇಂದು ಬರೆಯ ಮೇಲೆ ಹತ್ತಿ ನೋಡಿದಾಗ ಅಂಚಿಗೆ ಸಮಾನಾಂತರವಾಗಿ ಬೆರಳು ತೂರುವಷ್ಟು ಅಗಲದ ಬಿರುಕು ಕಂಡಿತು. ಹಿಂಬದಿಯ ಕೋಣೆಯನ್ನು ಬಿಟ್ಟು ಮುಂದಿನ ಚಾವಡಿಯಲ್ಲಿ ಮಲಗಿದರೆ ಸಾಕೇ?

ಉತ್ತರ 3 (ಸಿವಿಲ್ ಎಂಜಿನಿಯರ್, ಮುಳ್ಳೇರಿಯ)

ಸಾಲದು. ಆ ಬಿರುಕು ಮುಂದಿನ ಕುಸಿತದ ಗೆರೆ. ಬಿರುಕಿಗೆ ನೀರಿಳಿಯದಂತೆ ಟಾರ್ಪಾಲು ಹೊದೆಸುವುದಿದ್ದರೂ ಮಳೆ ಬಿಟ್ಟ ಹೊತ್ತಿನಲ್ಲಿ, ಹಗಲಲ್ಲಿ ಮಾತ್ರ, ಅಂಚಿನ ಮೇಲೆ ಕಾಲಿಡದೆ ಮಾಡಿ. ವೃದ್ಧರನ್ನೂ ಮಕ್ಕಳನ್ನೂ ಇಂದು ಸಂಜೆಯೊಳಗೆ ನೆಂಟರ ಮನೆಗೆ ಕಳುಹಿಸಿ, ದನಗಳನ್ನು ಬೇರೆ ಹಟ್ಟಿಗೆ ಸಾಗಿಸಿ ನೀವೂ ಹೊರಡಿ. ಬಿರುಕಿನ ವಿಷಯವನ್ನು 1077ಕ್ಕೆ ಕರೆ ಮಾಡಿ ಜಿಲ್ಲಾ ತುರ್ತು ಕಾರ್ಯಾಚರಣೆ ಕೇಂದ್ರಕ್ಕೆ ತಿಳಿಸಿ. ನಿಮ್ಮ ಬರೆಯ ಕೆಳಗೆ ಬೇರೆ ಮನೆಗಳಿದ್ದರೆ ಅವರಿಗೂ ಈಗಲೇ ಹೇಳಿ.