ಸಹಾಯ ಬೇಕು: ಕಾಂಡಕೋಶ ಕಸಿಯ ನಂತರ ತಮ್ಮನಿಗೆ ನೀರೂ ನುಂಗಲಾಗುತ್ತಿಲ್ಲ

ನನ್ನ ತಮ್ಮನಿಗೆ ಹಾಡ್ಜ್‌ಕಿನ್ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಮರುಕಳಿಸಿದ್ದರಿಂದ, ರಕ್ತಕಣಗಳನ್ನು ಹುಟ್ಟಿಸುವ ಅವನದೇ ಕಾಂಡಕೋಶಗಳನ್ನು ಮೊದಲೇ ಸಂಗ್ರಹಿಸಿಟ್ಟು, ಅಧಿಕ ಪ್ರಮಾಣದ ಕೀಮೋಥೆರಪಿ ಕೊಟ್ಟು, ಆ ಕೋಶಗಳನ್ನು ಮರಳಿ ದೇಹಕ್ಕೆ ಸೇರಿಸಿ ಇಂದಿಗೆ 9 ದಿನಗಳಾದವು. ಆ ಕೀಮೋಥೆರಪಿಯ ಮೆಲ್ಫಲಾನ್ ಔಷಧಿ ಕೊಡುವಾಗ, ಬಾಯಿ ಹುಣ್ಣಾಗದಿರಲೆಂದು ಮಂಜುಗಡ್ಡೆಯ ಚೂರುಗಳನ್ನು ಬಾಯಲ್ಲಿ ಇರಿಸಿಕೊಂಡಿದ್ದರೂ (ಅಷ್ಟು ಹೊತ್ತೂ ಗೊಣಗುತ್ತಲೇ ಇದ್ದ) ಬಾಯಿ, ಗಂಟಲು ತುಂಬ ಹುಣ್ಣಾಗಿದೆ. ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರಿನಿಂದ ಮುಕ್ಕಳಿಸಿದ್ದಾಯಿತು, ಮರಗಟ್ಟಿಸುವ ಜೆಲ್, ಮಾರ್ಫಿನ್ ಕೂಡ ಆಯಿತು.

ಬಿಳಿ ರಕ್ತಕಣಗಳು ಏರಿದಂತೆ ಹುಣ್ಣು ಮಾಯುತ್ತದೆ ಎನ್ನುವ ವೈದ್ಯರು, ಅಲ್ಲಿಯವರೆಗೆ ಮೂಗಿನ ಮೂಲಕ ಆಹಾರದ ನಳಿಕೆಯೋ ರಕ್ತನಾಳದ ಮೂಲಕ ಪೋಷಣೆಯೋ ಎಂಬ ನಿರ್ಧಾರವನ್ನು ನಮಗೇ ಬಿಟ್ಟಿದ್ದಾರೆ. ಪ್ಲೇಟ್‌ಲೆಟ್ ಕಡಿಮೆಯಿರುವಾಗ ನಳಿಕೆಯಿಂದ ರಕ್ತಸ್ರಾವವಾದೀತೆಂಬ ಅಂಜಿಕೆ ಒಂದು ಕಡೆ, ರಕ್ತನಾಳದ ಪೋಷಣೆಯಿಂದ ಸೋಂಕು ತಗಲೀತೆಂಬ ಭಯ ಇನ್ನೊಂದು ಕಡೆ. ಈ ಹಂತ ದಾಟಿದವರು ಯಾವುದನ್ನು ಆರಿಸಿಕೊಂಡಿರಿ, ಮತ್ತು ಕಸಿಯಾದ ಎಷ್ಟನೆಯ ದಿನಕ್ಕೆ ನುಂಗಲು ಸಾಧ್ಯವಾಯಿತು?