ಗೃಹಲಕ್ಷ್ಮಿ ದುಡ್ಡು ಬಂದ ಮೇಲೆ ಮನೆಯಲ್ಲಿ ನಿಜಕ್ಕೂ ಏನು ಬದಲಾಗಿದೆ?

ಚಳ್ಳಕೆರೆ ಹುಡುಗ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಊರು ಚಳ್ಳಕೆರೆ ಹತ್ತಿರ, ಕೆಲಸ ಬೆಂಗಳೂರಿನ ಪೀಣ್ಯದಲ್ಲಿ. ಊರಲ್ಲಿ ಅಪ್ಪ ಅಮ್ಮ ಇದ್ದಾರೆ. ಎರಡು ಎಕರೆ ಖುಷ್ಕಿ ಜಮೀನು. ಮಳೆ ಬಂದರೆ ಶೇಂಗಾ, ಇಲ್ಲದಿದ್ದರೆ ಕೂಲಿ. ಅಮ್ಮನಿಗೆ ಗೃಹಲಕ್ಷ್ಮಿಯ 2000 ರೂಪಾಯಿ, ಅಪ್ಪನಿಗೆ ಪಿಎಂ ಕಿಸಾನ್ ಬರುತ್ತದೆ.

ಫ್ಯಾಕ್ಟರಿಯಲ್ಲಿ ಊಟಕ್ಕೆ ಕೂತಾಗ ಈ ಮಾತು ಬಂದರೆ ಒಂದೇ ವಾದ. ಸುಮ್ನೆ ದುಡ್ಡು ಕೊಟ್ಟು ಜನರನ್ನು ಸೋಮಾರಿ ಮಾಡುತ್ತಿದ್ದಾರೆ ಅಂತ. ನನಗೆ ಹಾಗೆ ಅನ್ನಿಸುವುದಿಲ್ಲ, ಆದರೆ ಎದುರು ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ. ಮನೆಗೆ ಹೋದರೆ ಹೊಸ ಟಿವಿ ಇಲ್ಲ, ಹೊಸ ಬಾಗಿಲಿಲ್ಲ. ಅಮ್ಮನನ್ನು ಕೇಳಿದರೆ "ಹೆಂಗೋ ನಡೀತದೆ ಬಿಡಪ್ಪ" ಅನ್ನುತ್ತಾಳೆ. ಹಾಗಾದರೆ ಆ ದುಡ್ಡಿನಿಂದ ಏನಾಗುತ್ತಿದೆ? ಹತ್ತಿರದಿಂದ ನೋಡಿದವರು ಹೇಳಿ.

ಇನ್ನೊಂದು ವಿಷಯ. ಹೋದ ಕಂತು ಜಮಾ ಆಗಿದೆ ಅಂತ ಮೊಬೈಲಲ್ಲಿ ತೋರಿಸುತ್ತಿದೆ. ಅಮ್ಮನ ಪಾಸ್‌ಬುಕ್ಕಲ್ಲಿ ಇಲ್ಲ. ಯಾರನ್ನು ಕೇಳಬೇಕು?

ಬ್ಯಾಂಕ್ ಮಿತ್ರ ಅಕ್ಕ, ಮೊಳಕಾಲ್ಮೂರು:

ತಮ್ಮಾ, ನಾನು ನಮ್ಮೂರಲ್ಲಿ ಬ್ಯಾಂಕ್ ಮಿತ್ರ. ಬೆರಳು ಒತ್ತಿಸಿಕೊಂಡು ದುಡ್ಡು ಕೊಡುವುದೇ ನನ್ನ ಕೆಲಸ. 2023ರ ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾದಾಗಿನಿಂದ ಈ ದುಡ್ಡು ನನ್ನ ಕೈ ಮೇಲೆಯೇ ಹೋಗುತ್ತಿದೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನೀನು ಟಿವಿ, ಬಾಗಿಲು ಹುಡುಕುತ್ತಿದ್ದೀಯ. ನೋಡಬೇಕಾದದ್ದು ಅಂಗಡಿಯ ಉದ್ರಿ ಪುಸ್ತಕ. ನಮ್ಮ ಓಣಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಸೊಸೆ ಇಲ್ಲ, ಇಬ್ಬರು ಮೊಮ್ಮಕ್ಕಳು. ಮೊದಲೆಲ್ಲ ತೊಗರಿಬೇಳೆಯನ್ನು ಕಾಲು ಕೆಜಿ, ಅದೂ ಉದ್ರಿ ಒಯ್ಯುತ್ತಿದ್ದರು. ಉದ್ರಿ ಒಯ್ಯೋರು ರೇಟು ಕೇಳೋ ಹಾಗಿಲ್ಲ, ಬೇಳೆಯಲ್ಲಿ ಹುಳ ಇದ್ದರೂ ವಾಪಸ್ ಕೊಡೋ ಹಾಗಿಲ್ಲ. ಈಗ ದುಡ್ಡು ಬಿಡಿಸಿದ ದಿನ ನನ್ನ ಹತ್ತಿರ "ಐನೂರರ ನೋಟು ಮೂರೇ ಕೊಡವ್ವ, ಉಳಿದದ್ದು ನೂರರದ್ದು ಕೊಡು" ಅನ್ನುತ್ತಾರೆ. ಐನೂರರ ನೋಟು ಎಲೆಅಡಿಕೆ ಸಂಚಿಯ ಒಳಗಿನ ಜೇಬಿಗೆ ಹೋಗುತ್ತವೆ. ನೂರರದ್ದು ಹೊರಗಿನ ಜೇಬಿಗೆ. ಅಲ್ಲಿಂದ ಸೀದಾ ಅಂಗಡಿಗೆ ಹೋಗಿ ಒಂದು ಕೆಜಿ ಬೇಳೆ ತೂಗಿಸುತ್ತಾರೆ. ತಕ್ಕಡಿ ನಿಲ್ಲುವ ತನಕ ಕಣ್ಣು ತೆಗೆಯುವುದಿಲ್ಲ. ಅದೇ ಅಂಗಡಿ, ಅದೇ ಅಜ್ಜಿ. ಮಾತಾಡುವ ಧಾಟಿ ಮಾತ್ರ ಬೇರೆ.

ಇದಕ್ಕಿಂತ ದೊಡ್ಡ ಬದಲಾವಣೆ ಕೈಗಡದ್ದು. ಮಗುವಿಗೆ ಜ್ವರ ಬಂತು, ಆಸ್ಪತ್ರೆಗೆ ಐನೂರು ಬೇಕು. ಬಡವರ ಮನೆಯಲ್ಲಿ ಆ ಐನೂರು ಹುಟ್ಟುವುದು ಎಲ್ಲಿಂದ? ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಗೆ. ಅದೂ ನಾಲ್ಕು ಮನೆಯ ಬಾಗಿಲಲ್ಲಿ ನಿಂತ ಮೇಲೆ. ಈಗ "ಗೃಹಲಕ್ಷ್ಮಿ ಬಂದ ಮೇಲೆ ಕೊಡ್ತೀನಿ" ಅಂದರೆ ಪಕ್ಕದ ಮನೆಯವರೇ ಬಡ್ಡಿ ಇಲ್ಲದೆ ಕೊಡುತ್ತಾರೆ. ದುಡ್ಡು ಬರುತ್ತದೆ ಅನ್ನುವ ನಂಬಿಕೆ ಕೊಡುವವರಿಗೂ ಇದೆ, ತಗೊಳ್ಳುವವರಿಗೂ ಇದೆ. ನನ್ನ ಪ್ರಕಾರ 2000 ರೂಪಾಯಿಯ ಅರ್ಧ ಬೆಲೆ ಇರುವುದು ಈ ನಂಬಿಕೆಯಲ್ಲೇ.

ಅದಕ್ಕೇ ಕಂತು ತಪ್ಪಿದರೆ ನನಗೆ ಬಹಳ ಸಂಕಟ ಆಗುತ್ತದೆ. ಎರಡು ಮೂರು ತಿಂಗಳದ್ದು ನಿಂತು ಒಟ್ಟಿಗೆ ಬಂದರೆ ಲೆಕ್ಕದಲ್ಲಿ ಏನೂ ಕಡಿಮೆ ಆಗಿಲ್ಲ, ನಿಜ. ಆದರೆ ಆ ನಡುವೆ ಹೆಣ್ಣುಮಕ್ಕಳು ಮತ್ತೆ ಬಡ್ಡಿಗೆ ಹೋಗಿರುತ್ತಾರೆ, ಇಲ್ಲಾ ವಾರದ ಕಂತಿನ ಸಾಲ ಎತ್ತಿರುತ್ತಾರೆ. ಬಂದ ದುಡ್ಡು ಮನೆಗೆ ಹೋಗುವ ಮೊದಲು ಅಲ್ಲಿಗೆ ಹೋಗುತ್ತದೆ. 2025ರ ಫೆಬ್ರವರಿಯಲ್ಲಿ ಇಂಥ ಸಾಲ ಕೊಡುವ ಮೈಕ್ರೋಫೈನಾನ್ಸ್ ಕಂಪನಿಗಳ ಕಿರುಕುಳ ತಡೆಯೋಕೆ ಸರ್ಕಾರ ಸುಗ್ರೀವಾಜ್ಞೆ ತಂದಿತು, ಒಳ್ಳೆಯದೇ ಆಯಿತು. ತಿಂಗಳು ತಿಂಗಳು ಹೇಳಿದ ದಿನಕ್ಕೆ 2000 ಹಾಕಿದರೆ ಎಷ್ಟೋ ಜನ ಆ ಸಾಲದ ಬಾಗಿಲಿಗೇ ಹೋಗುವುದಿಲ್ಲ. ಮೊತ್ತ ಜಾಸ್ತಿ ಮಾಡಿ ಅಂತ ನಾನು ಕೇಳುತ್ತಿಲ್ಲ. ತಾರೀಖು ತಪ್ಪಿಸಬೇಡಿ ಅಂತ ಕೇಳುತ್ತಿದ್ದೇನೆ.

ಪಿಎಂ ಕಿಸಾನ್ ದುಡ್ಡಿನ ದಾರಿ ಬೇರೆ. ಅದು ವರ್ಷಕ್ಕೆ 6000, ಮೂರು ಕಂತು. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆಗೆ ಹೋಗುತ್ತದೆ, ಗಂಡಸರ ಕೈಯಲ್ಲೇ ಇರುತ್ತದೆ. ಅಡುಗೆಮನೆಗೆ ಅದು ಬಂದದ್ದನ್ನು ನಾನು ಕಂಡದ್ದು ಕಡಿಮೆ.

ಶೇಂಗಾ ಬೆಳೆಗಾರ, ಪಾವಗಡ:

ಅಕ್ಕ ಹೇಳಿದ್ದು ಸರಿ ಇರಬಹುದು. ರೈತನ ಕಷ್ಟವನ್ನೂ ಕೇಳಿ. ನನ್ನದು ಎಂಟು ಎಕರೆ. ಕಳೆ ತೆಗೆಯೋಕೆ ಆಳು ಸಿಗುತ್ತಿಲ್ಲ. ಮೊದಲು ಮುಂಗಡ ಕೊಟ್ಟಿದ್ದರೆ ಹೇಳಿದ ದಿನಕ್ಕೆ ಹತ್ತು ಹೆಂಗಸರು ಬರುತ್ತಿದ್ದರು. ಈಗ ಮುಂಗಡ ಕೊಡ್ತೀನಿ ಅಂದರೂ ಬೇಡ ಅನ್ನುತ್ತಾರೆ. ಎರಡು ಸಾವಿರ ಮನೆಗೇ ಬಂದರೆ ಬಿಸಿಲಲ್ಲಿ ಬಗ್ಗೋರು ಯಾರು? ಶೇಂಗಾಕ್ಕೆ ರೇಟು ಸಿಗದೆ, ಕೂಲಿ ಮಾತ್ರ ಏರಿದರೆ ನಾವು ಏನು ಮಾಡಬೇಕು?

ಬ್ಯಾಂಕ್ ಮಿತ್ರ ಅಕ್ಕ, ಮೊಳಕಾಲ್ಮೂರು:

ಅಣ್ಣಾ, ನಿಮ್ಮ ಕಷ್ಟ ಸುಳ್ಳಲ್ಲ. ನಮ್ಮದೂ ಶೇಂಗಾ ಹೊಲವೇ. ಆದರೆ ಮುಂಗಡ ಅಂದಿರಲ್ಲ, ಅದರ ಬಗ್ಗೆ ಸ್ವಲ್ಪ ಹೇಳಲೇಬೇಕು. ಬಿತ್ತನೆಗೂ ಮೊದಲು, ಮನೆಯಲ್ಲಿ ಏನೂ ಇಲ್ಲದ ಹೊತ್ತಲ್ಲಿ, ಒಬ್ಬ ಹೆಂಗಸು ಸಾವಿರ ರೂಪಾಯಿ ಮುಂಗಡ ತಗೊಂಡಿರುತ್ತಾಳೆ. ಆಮೇಲೆ ಕಳೆ ಬಂದಾಗ ಪಕ್ಕದ ಹೊಲದಲ್ಲಿ 350 ಕೊಟ್ಟರೂ ಅವಳು ಹೋಗುವ ಹಾಗಿಲ್ಲ. ಮುಂಗಡ ಕೊಟ್ಟವರ ಹೊಲದಲ್ಲಿ 250ಕ್ಕೆ ಬಗ್ಗಲೇಬೇಕು. ಈಗ ಆ ಸಾವಿರ ಅವಳಿಗೆ ಬೇಕಿಲ್ಲ, ಹಾಗಾಗಿ ಜಾಸ್ತಿ ಕೊಡುವವರ ಹತ್ತಿರ ಹೋಗುತ್ತಾಳೆ. ಕೆಲಸ ಬಿಟ್ಟಿಲ್ಲ. ಯಾರ ಕೆಲಸ ಅನ್ನುವುದನ್ನು ಅವಳೇ ಆರಿಸುತ್ತಿದ್ದಾಳೆ. ಶಕ್ತಿ ಯೋಜನೆಯ ಬಸ್ಸಲ್ಲಿ ಪಕ್ಕದ ತಾಲ್ಲೂಕಿಗೂ ಕೂಲಿಗೆ ಹೋಗಿ ಬರುತ್ತಾರೆ. ನೀವೇ ಲೆಕ್ಕ ಹಾಕಿ, ತಿಂಗಳಿಗೆ 2000 ಅಂದರೆ ದಿನಕ್ಕೆ 66 ರೂಪಾಯಿ ಚಿಲ್ಲರೆ. ಉದ್ಯೋಗ ಖಾತ್ರಿಯ ಕೂಲಿಯೇ 2025-26ರಲ್ಲಿ ದಿನಕ್ಕೆ 370. 66 ರೂಪಾಯಿ ನಂಬಿಕೊಂಡು ಯಾರೂ ಮನೆಯಲ್ಲಿ ಕೂರುವುದಿಲ್ಲ, ಅಲ್ವಾ?

ಶೇಂಗಾ ರೇಟಿನ ಮಾತು ಮಾತ್ರ ನೂರಕ್ಕೆ ನೂರು ನಿಜ. ಆ ಜಗಳವನ್ನು ಮಂಡಿ ಹತ್ತಿರ, ಸರ್ಕಾರದ ಹತ್ತಿರ ಮಾಡೋಣ, ನಾನೂ ಬರ್ತೀನಿ. ಅದರ ಹೊರೆ ಕಳೆ ಕೀಳೋ ಹೆಂಗಸರ ಮೇಲೆ ಬೀಳೋದು ಬೇಡ.

ಎಕನಾಮಿಕ್ಸ್ ಮೇಷ್ಟ್ರು, ದಾವಣಗೆರೆ:

ಅಕ್ಕನವರು ಕಂಡದ್ದಕ್ಕೆ ಹೊರಗಿನ ಎರಡು ಉದಾಹರಣೆ ಸೇರಿಸುತ್ತೇನೆ.

2011-12ರಲ್ಲಿ ಮಧ್ಯಪ್ರದೇಶದ ಇಂದೋರ್ ಕಡೆಯ ಹಳ್ಳಿಗಳಲ್ಲಿ 'ಸೇವಾ' (SEWA) ಅನ್ನುವ ದುಡಿಯುವ ಮಹಿಳೆಯರ ಸಂಘಟನೆ ಒಂದು ಪ್ರಯೋಗ ಮಾಡಿತ್ತು, ಯುನಿಸೆಫ್ ಹಣದ ನೆರವಿನಿಂದ. ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳಿಗೆ 100 ರೂಪಾಯಿ. ಆಮೇಲೆ ಅದನ್ನು 300 ಮತ್ತು 150ಕ್ಕೆ ಏರಿಸಿದರು. ಯಾವ ಷರತ್ತೂ ಇರಲಿಲ್ಲ. ಜನ ಸೋಮಾರಿಗಳಾಗಲಿಲ್ಲ. ಬೇರೆಯವರ ಹೊಲದ ಕೂಲಿಯಿಂದ ತಮ್ಮ ಸ್ವಂತ ಹೊಲ, ಆಡು, ಕೋಳಿ ಕಡೆಗೆ ಹೊರಳಿದವರು ಹೆಚ್ಚು. ಕುಡಿತವೂ ಏರಲಿಲ್ಲ. ಮಕ್ಕಳ ತೂಕ ಸುಧಾರಿಸಿತು, ಅದರಲ್ಲೂ ಹೆಣ್ಣುಮಕ್ಕಳದ್ದು.

ಎರಡನೆಯದು ಕೀನ್ಯಾದ್ದು. ಅಲ್ಲಿ ಗಿವ್‌ಡೈರೆಕ್ಟ್ಲಿ ಸಂಸ್ಥೆ ಮೊಬೈಲ್ ಮೂಲಕ ಬಡ ಮನೆಗಳಿಗೆ ದುಡ್ಡು ಕೊಟ್ಟಿತು. ಕೆಲವರಿಗೆ ತಿಂಗಳು ತಿಂಗಳು, ಕೆಲವರಿಗೆ ಒಂದೇ ಸಲ. 2016ರಲ್ಲಿ ಅದರ ಅಧ್ಯಯನ ಪ್ರಕಟವಾಯಿತು. ತಿಂಗಳು ತಿಂಗಳು ಪಡೆದವರ ಮನೆಯಲ್ಲಿ ಊಟದ ಕೊರತೆ ಹೆಚ್ಚು ತಗ್ಗಿತ್ತು. ಒಂದೇ ಸಲ ಪಡೆದವರು ತಗಡಿನ ಸೂರಿನಂಥ ಬಾಳಿಕೆಯ ವಸ್ತುಗಳಿಗೆ ಹೆಚ್ಚು ಹಾಕಿದ್ದರು. ಎರಡೂ ಒಳ್ಳೆಯದೇ, ಆದರೆ ಎರಡೂ ಬೇರೆ ಬೇರೆ ಕೆಲಸ. ಊಟಕ್ಕೆ ಅಂತ ಕೊಟ್ಟ ದುಡ್ಡು ಮೂರು ತಿಂಗಳಿಗೊಮ್ಮೆ ಬಂದರೆ ಅದು ಊಟದ ದುಡ್ಡಾಗಿ ಉಳಿಯುವುದಿಲ್ಲ. ಅಕ್ಕ ತಾರೀಖಿನ ಬಗ್ಗೆ ಹೇಳಿದ್ದು ಇದನ್ನೇ.

ಒಂದು ಎಚ್ಚರಿಕೆಯ ಮಾತೂ ಇದೆ. ಅನ್ನಭಾಗ್ಯದಲ್ಲಿ 2023ರ ಜುಲೈಯಿಂದ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಕೊಡುತ್ತಿದ್ದರು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯನ್ನೇ ಕೊಡತೊಡಗಿದರು. ಅಂಗಡಿಯಲ್ಲಿ ಕೆಜಿ ಅಕ್ಕಿ 34 ರೂಪಾಯಿಗೆ ಎಲ್ಲಿ ಸಿಗುತ್ತದೆ? ದುಡ್ಡು ಎಲ್ಲದಕ್ಕೂ ಬದಲಿಯಲ್ಲ. ಸೊಸೈಟಿ ಅಕ್ಕಿ ಇರುವುದರಿಂದಲೇ ಆ 2000 ಬೇಳೆಗೆ, ಔಷಧಿಗೆ, ಮಕ್ಕಳ ಪುಸ್ತಕಕ್ಕೆ ಉಳಿಯುತ್ತದೆ.

ಚಳ್ಳಕೆರೆ ಹುಡುಗ:

ಅಕ್ಕಾ, ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಇವತ್ತು ಅಮ್ಮನಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ, ಅಂಗಡಿ ಬಾಕಿ ಎಷ್ಟಿದೆ ಅಂತ. "ಎರಡು ವರ್ಷದಿಂದ ಅವರ ಪುಸ್ತಕದಲ್ಲಿ ನನ್ನ ಹೆಸರೇ ಇಲ್ಲ" ಅಂದಳು. ನನಗೆ ಗೊತ್ತೇ ಇರಲಿಲ್ಲ. ಆದರೆ ಈ ತಿಂಗಳು ಮತ್ತೆ ಬರೆಸಬೇಕಾಗಬಹುದಂತೆ, ಆ ಕಂತು ಸಿಗದೇ ಇರುವುದರಿಂದ.

ಬ್ಯಾಂಕ್ ಮಿತ್ರ ಅಕ್ಕ, ಮೊಳಕಾಲ್ಮೂರು:

ಬರೆಸೋದು ಬೇಡ, ಮೊದಲು ಇದನ್ನು ಮಾಡು. ಈ ದುಡ್ಡು ಪಾಸ್‌ಬುಕ್ ನಂಬರ್ ನೋಡಿ ಬರುವುದಿಲ್ಲ, ಆಧಾರ್ ನೋಡಿ ಬರುತ್ತದೆ. ಆಧಾರ್‌ಗೆ ಕೊನೆಯದಾಗಿ ಯಾವ ಬ್ಯಾಂಕ್ ಜೋಡಣೆ ಆಗಿದೆಯೋ ಆ ಖಾತೆಗೆ ಬೀಳುತ್ತದೆ. ಸಾಲದ ಸಂಘದವರು ಅಥವಾ ಸಿಮ್ ಕೊಡುವವರು ಈ ನಡುವೆ ಅಮ್ಮನ ಬೆರಳು ಒತ್ತಿಸಿಕೊಂಡು ಹೊಸ ಖಾತೆ ತೆರೆಸಿದ್ದಾರಾ ಕೇಳು. ನಾನು ನೋಡಿದ ಇಂಥ ಪ್ರಕರಣಗಳಲ್ಲಿ ಜಾಸ್ತಿ ಇದೇ ಇರುತ್ತದೆ. ಮೈ ಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಒತ್ತಿದರೆ ಬ್ಯಾಂಕಿನ ಹೆಸರು ತೋರಿಸುತ್ತದೆ. ಅಮ್ಮನ ಮೊಬೈಲಿಗೆ ಓಟಿಪಿ ಬರುತ್ತದೆ, ಫೋನಲ್ಲೇ ಕೇಳಿಕೋ. ಸರ್ಕಾರ ನೇರ ಖಾತೆಗೆ ಹಾಕುವ ದುಡ್ಡಿನ ವಿವರ ಇರುವ ಡಿಬಿಟಿ ಕರ್ನಾಟಕ ಆ್ಯಪಲ್ಲಿ ಯಾವ ಖಾತೆಗೆ, ಯಾವ ದಿನ ಹೋಯಿತು ಅನ್ನುವುದೂ ಇರುತ್ತದೆ.

ಬೇರೆ ಬ್ಯಾಂಕ್ ಬಂದರೆ ಹೆದರಬೇಡಿ, ದುಡ್ಡು ಅಲ್ಲೇ ಇರುತ್ತದೆ. ಊರಿನ ಬ್ಯಾಂಕ್ ಮಿತ್ರರ ಹತ್ತಿರ ಬೆರಳು ಒತ್ತಿ ಆ ಬ್ಯಾಂಕಿನ ಹೆಸರು ಹೇಳಿದರೆ ಬಿಡಿಸಿಕೊಡುತ್ತಾರೆ. ಆಮೇಲೆ ಅಮ್ಮ ತಮ್ಮ ಹಳೆಯ ಬ್ಯಾಂಕಿಗೆ ಆಧಾರ್ ತಗೊಂಡು ಹೋಗಿ ಜೋಡಣೆ ಅರ್ಜಿ ಬರೆದುಕೊಟ್ಟರೆ ಮುಂದಿನ ಕಂತು ಅಲ್ಲಿಗೇ ಬರುತ್ತದೆ. ಜೋಡಣೆ ಸರಿ ಇದ್ದೂ ದುಡ್ಡು ಇಲ್ಲ ಅಂದರೆ ಅಂಗನವಾಡಿ ಟೀಚರ್‌ಗೆ ತಿಳಿಸಿ, ಅಲ್ಲಿಂದ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿಗೆ ಹೋಗಿ. ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್ ಮೂರರ ಜೆರಾಕ್ಸ್ ಇರಲಿ. ಏನು ತೋರಿಸಿತು ಅಂತ ಇಲ್ಲೇ ಹಾಕು, ಮುಂದಿನದ್ದು ಹೇಳ್ತೀನಿ. ಆಧಾರ್ ನಂಬರ್, ಓಟಿಪಿ ಮಾತ್ರ ಇಲ್ಲಿ ಹಾಕಬೇಡ.