ಕೆ31 ಬೋಲ್ಟ್ ಪೂರ್ತಿ ಮುಚ್ಚುತ್ತಿಲ್ಲ, ತಲೆ ಕೆಟ್ಟು ಹೋಗಿದೆ

ಓಹಾಯೋ_ಹಳ್ಳಿಹೈದ

ಮೂರು ವಾರದಿಂದ ಇದೇ ಗೋಳು. ನನ್ನ ಕೆ31, ಅದೇ ಸ್ವಿಸ್ ಸೈನ್ಯದ ಹಳೇ ರೈಫಲ್, ಅದರ ಬೋಲ್ಟ್ (ತೋಟಾ ಒಳಗೆ ತಳ್ಳಿ ಮುಚ್ಚುವ ಭಾಗ) ಮುಂದಕ್ಕೆ ಹೋಗುತ್ತದೆ, ಇನ್ನೇನು ಮುಚ್ಚಿತು ಅನ್ನುವಷ್ಟರಲ್ಲಿ ನಿಂತುಬಿಡುತ್ತದೆ. ಅಂಗೈಯಲ್ಲಿ ಗುದ್ದಿ ಗುದ್ದಿ ಕೈ ಊದಿದೆ. ಶನಿವಾರ ರೇಂಜ್‌ಗೆ ಹೋಗಿ ಇಪ್ಪತ್ತು ಹೊಡೆಯೋಣ ಅಂದುಕೊಂಡವನು ಐದೇ ಹೊಡೆದು ವಾಪಸ್ ಬಂದೆ. ಪಕ್ಕದ ಲೇನ್‌ನವನು ನಗುತ್ತಿದ್ದ. ತಂದಾಗ ಬೆಣ್ಣೆ ಹಾಗೆ ಓಡುತ್ತಿತ್ತು. 1943ರದ್ದು, ವಾಲ್‌ನಟ್ ಮರದ ಸ್ಟಾಕ್, ಬೋಲ್ಟ್ ನಂಬರ್ ರಿಸೀವರ್ ನಂಬರ್ ಎರಡೂ ಒಂದೇ. ಹೊಸ ಬೋಲ್ಟ್ ಹುಡುಕಬೇಕಾ? ಬೇಗ ಹೇಳಿ, ಮುಂದಿನ ಶನಿವಾರ ಮ್ಯಾಚ್ ಇದೆ.

ಗ್ರೀಸ್‌ಗೌಡ

ನೋಡದೇ ಹೇಳುತ್ತೇನೆ: ಗ್ರೀಸ್. ಈ ಕೋವಿಗಳು ದಶಕಗಟ್ಟಲೆ ಉಗ್ರಾಣದಲ್ಲಿ ಇದ್ದವು. ಹಳೇ ಗ್ರೀಸ್ ಒಳಗೆ ಗಟ್ಟಿಯಾಗಿ ಮೇಣ ಆಗಿರುತ್ತದೆ. ಬೋಲ್ಟ್ ಪೂರ್ತಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ನನಗೆ ಥ್ಯಾಂಕ್ಸ್ ಹೇಳಿ.

ಓಹಾಯೋ_ಹಳ್ಳಿಹೈದ

ಮಾಡಿದೆ. ಅಡುಗೆಮನೆ ತುಂಬ ಸೀಮೆಎಣ್ಣೆ ವಾಸನೆ, ಹೆಂಡತಿ ಮಾತು ಬಿಟ್ಟಿದ್ದಾಳೆ. ಬೋಲ್ಟ್ ಮಾತ್ರ ಹಾಗೇ ಇದೆ.

ಗ್ರೀಸ್‌ಗೌಡ

ಹಾಗಾದರೆ ಚೇಂಬರ್ ಒಳಗಿದೆ ಗ್ರೀಸ್, ತೋಟಾ ಕೂರುವ ಜಾಗದಲ್ಲಿ. ಬೋಲ್ಟನ್ನು ಲಾಕ್ ಮಾಡುವ ಹಲ್ಲುಗಳು, ಅಂದರೆ ಲಗ್, ಕೂರುವ ಜಾಗದಲ್ಲೂ ಇರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಬ್ರಶ್ ಹಾಕಿ ಚೆನ್ನಾಗಿ ತಿಕ್ಕಿ. ನನ್ನ ಮೂರು ಕೆ31ಗಳಲ್ಲಿ ಎರಡಕ್ಕೆ ಇದೇ ಆಗಿತ್ತು. ಮೂರನೆಯದು ನಂಬರ್ ಮ್ಯಾಚ್ ಇರುವ ಬಯೊನೆಟ್ ಸಮೇತ ಸಿಕ್ಕಿದ್ದು, ಫೋಟೋ ಬೇಕಾದರೆ ಹಾಕುತ್ತೇನೆ.

ಥೂನ್_ತಿಮ್ಮ

ಇಲ್ಲಿ ಸ್ವಿಸ್ ಕಡೆಯವರು ಗ್ರೀಸ್ ಇಲ್ಲದೆ ಬೋಲ್ಟ್ ಓಡಿಸುವುದೇ ಇಲ್ಲ. ಆಟೊಮಾಟೆನ್‌ಫೆಟ್ ಅಂತ ಒಂದು ಹಚ್ಚುತ್ತಾರೆ. ಹಾಗಾಗಿ ಪೂರ್ತಿ ಒಣಗಿಸಿ ಇಡಬೇಡಿ. ಇರಲಿ, ಎರಡು ಪ್ರಶ್ನೆ. ಚೇಂಬರ್ ಖಾಲಿ ಇದ್ದಾಗ ಬೋಲ್ಟ್ ಮುಚ್ಚುತ್ತದಾ? ಯಾವ ತೋಟಾ ಹಾಕುತ್ತಿದ್ದೀರಿ?

ಬಂದೂಕು_ಪಂಡಿತ

ಶ್ಮಿಟ್-ರೂಬಿನ್ ಬೋಲ್ಟ್‌ಗಳಲ್ಲಿ ಇದು ಸಾಮಾನ್ಯ. ಹಳೇ ವಿನ್ಯಾಸ, ಸವೆಯುತ್ತದೆ.

ಥೂನ್_ತಿಮ್ಮ

ಕೆ31 ಶ್ಮಿಟ್-ರೂಬಿನ್ ಅಲ್ಲ ಸ್ವಾಮಿ. ಅದು 1889ರಿಂದ 1911ರವರೆಗಿನ ರೈಫಲ್‌ಗಳ ಹೆಸರು. ಕೆ31 ಮಾಡಿದ್ದು ಬರ್ನ್‌ನ ಸರ್ಕಾರಿ ಕಾರ್ಖಾನೆ, ಅದರ ಮುಖ್ಯಸ್ಥ ಅಡಾಲ್ಫ್ ಫುರ್ರರ್ ಕಾಲದಲ್ಲಿ. ಆ ಹಳೇ ರೈಫಲ್ ರೂಪಿಸಿದ ರುಡಾಲ್ಫ್ ಶ್ಮಿಟ್ ಆಗಲೇ ತೀರಿಕೊಂಡು ಎಷ್ಟೋ ವರ್ಷ ಆಗಿತ್ತು.

ಬಂದೂಕು_ಪಂಡಿತ

ಹಿಡಿ ಹಿಂದಕ್ಕೆ ಎಳೆದರೆ ತೆರೆಯುತ್ತದೆ, ಮುಂದಕ್ಕೆ ತಳ್ಳಿದರೆ ಮುಚ್ಚುತ್ತದೆ. ಎಲ್ಲ ಒಂದೇ ಜಾತಿ. ಅಂಗಡಿಯವರೇ ಶ್ಮಿಟ್-ರೂಬಿನ್ ಅಂತ ಚೀಟಿ ಅಂಟಿಸಿ ಮಾರುತ್ತಾರೆ.

ಥೂನ್_ತಿಮ್ಮ

ಅಂಗಡಿಯವರು ಏನು ಬೇಕಾದರೂ ಅಂಟಿಸುತ್ತಾರೆ. ಕೆ31ರಲ್ಲಿ ಲಾಕ್ ಆಗುವ ಲಗ್‌ಗಳು ಚೇಂಬರ್ ಹಿಂದೆಯೇ ಬಂದವು, ಬೋಲ್ಟ್ ಗಿಡ್ಡ ಆಯಿತು, ಆ ಉಳಿತಾಯದಲ್ಲಿ ಬ್ಯಾರೆಲ್ 652 ಮಿಲಿಮೀಟರ್ ಉದ್ದ ಬಂತು. ಜಾತಿಯೇ ಬೇರೆ.

ಕೊಡಗಿನ_ಕೋವಿ

ನಿಮ್ಮೆಲ್ಲರ ಸ್ವಿಸ್ ಕೋವಿ ನೋಡಿ ಹೊಟ್ಟೆ ಉರಿಯುತ್ತದೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ತೋಟಾ ಕೋವಿ ಇದೆ. ಕೈಲ್‌ಪೊಳ್ದ್ ಹಬ್ಬದ ದಿನ ಹೂವಿಟ್ಟು ಪೂಜೆ, ಆಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಹೋದ ಸಲ ಮೊದಲ ಏಟಿಗೇ ಕಾಯಿ ಹೋಳು. ಕೊಡವರಿಗೆ ಲೈಸೆನ್ಸ್ ವಿನಾಯಿತಿ ಇರುವುದು ಕೋವಿಗೆ, ಹೀಗೆ ಹೊರದೇಶದ ಮಿಲಿಟರಿ ರೈಫಲ್ ತರುವುದಕ್ಕೆ ಅಲ್ಲ. ಇಲ್ಲದಿದ್ದರೆ ನನ್ನ ಗೋಡೆಯ ಮೇಲೂ ಒಂದು ಇರುತ್ತಿತ್ತು.

ಗ್ರೀಸ್‌ಗೌಡ

ತೆಂಗಿನಕಾಯಿ ಕಥೆ ಬೇರೆ ಕಡೆ ಹೇಳಿ. ಹಳ್ಳಿಹೈದ, ಚೇಂಬರ್ ತಿಕ್ಕಿದ್ರಾ?

ಓಹಾಯೋ_ಹಳ್ಳಿಹೈದ

ತಿಕ್ಕಿದೆ. ಬಟ್ಟೆ ಬೆಳ್ಳಗೆ ವಾಪಸ್ ಬರುತ್ತಿದೆ. ಏನೂ ಬದಲಾಗಿಲ್ಲ.

ತಿಮ್ಮ ಅವರೇ, ಖಾಲಿ ಇದ್ದಾಗ ಬೋಲ್ಟ್ ಸರಾಗವಾಗಿ ಮುಚ್ಚುತ್ತದೆ. ತೋಟಾದಲ್ಲಿ ಏನೂ ತೊಂದರೆ ಇಲ್ಲ. ಗೆಳೆಯನ 1911 ಉದ್ದ ರೈಫಲ್‌ನಲ್ಲಿ ಅದೇ ತೋಟಾ ಸಲೀಸಾಗಿ ಹೋಗುತ್ತದೆ.

ಥೂನ್_ತಿಮ್ಮ

ಏನೂ ತೊಂದರೆ ಇಲ್ಲ ಅನ್ನುವುದು ತೋಟಾದ ಹೆಸರಲ್ಲ. ಸ್ವಿಸ್ ಸೈನ್ಯದ ಜಿಪಿ11ಆ? ಅಂಗಡಿಯದ್ದಾ?

ಓಹಾಯೋ_ಹಳ್ಳಿಹೈದ

ಖಾಲಿ ಕೇಸಿಗೆ ಮದ್ದು, ಗುಂಡು ನಾವೇ ತುಂಬಿದ್ದು. ಅದನ್ನೇನು ಬಿಡಿಸಿ ಹೇಳುವುದು, ಈಗ ಎಲ್ಲರೂ ಅದನ್ನೇ ಮಾಡುತ್ತಾರಲ್ವಾ? ನನ್ನ ಹತ್ತಿರ ಇದ್ದ ಜಿಪಿ11 ಪೆಟ್ಟಿಗೆ ಹೋದ ತಿಂಗಳು ಮುಗಿಯಿತು. ಗೆಳೆಯ ಅವನ 1911ಕ್ಕೆ ತುಂಬುವ ಅಳತೆಯಲ್ಲೇ ನಾನೂ ತುಂಬಿದೆ. 168 ಗ್ರೇನ್ ತೂಕದ ಮ್ಯಾಚ್ ಗುಂಡು, ಒಳ್ಳೇ ದುಡ್ಡು ಕೊಟ್ಟು ತಂದದ್ದು.

ಹಾಂ, ಒಂದು ಸಲ ಬೋಲ್ಟ್ ಎಳೆದಾಗ ಕೇಸ್ ಮಾತ್ರ ಹೊರಗೆ ಬಂತು. ಮದ್ದೆಲ್ಲ ಮ್ಯಾಗಜಿನ್ ಒಳಗೆ ಚೆಲ್ಲಿತು. ರಾಡ್ ಹಾಕಿ ಗುಂಡು ತಳ್ಳಿ ತೆಗೆದೆ. ಅದು ಬೇರೆ ವಿಷಯ ಬಿಡಿ.

ಥೂನ್_ತಿಮ್ಮ

ಅಯ್ಯೋ ಮಾರಾಯ, ಅದೇ ವಿಷಯ! ಇದನ್ನು ಮೊದಲ ದಿನ ಹೇಳಿದ್ದರೆ ನಿಮ್ಮ ಅಡುಗೆಮನೆ ಉಳಿಯುತ್ತಿತ್ತು.

ಬೋಲ್ಟ್ ಗುದ್ದುವುದನ್ನು ಇವತ್ತೇ ನಿಲ್ಲಿಸಿ. ಕೆ31ಗೆ ಗಂಟಲು ಗಿಡ್ಡ. ಅಂದರೆ ಚೇಂಬರ್ ಮುಗಿದ ಕೂಡಲೇ ರೈಫ್ಲಿಂಗ್‌ನ, ಅಂದರೆ ಬ್ಯಾರೆಲ್ ಒಳಗೆ ಗುಂಡು ತಿರುಗಿಸುವ ಗೀರುಗಳ, ಏಣುಗಳು ಶುರುವಾಗುತ್ತವೆ. ಜಿಪಿ11 ಗುಂಡು 174 ಗ್ರೇನ್, ಉದ್ದ, ಮೂತಿ ಸಪೂರ. ತೋಟಾ ಒಟ್ಟು 77.7 ಮಿಲಿಮೀಟರ್ ಇದ್ದರೂ ಏಣಿಗೆ ತಾಗುವುದಿಲ್ಲ. ನಿಮ್ಮ ಮ್ಯಾಚ್ ಗುಂಡಿನ ಮೂತಿ ದಪ್ಪ. ಅದನ್ನು ಅಷ್ಟೇ ಉದ್ದಕ್ಕೆ ಕೂರಿಸಿದರೆ ಬೋಲ್ಟ್ ಮುಚ್ಚುವ ಮೊದಲೇ ಗುಂಡು ಏಣುಗಳಿಗೆ ಸಿಕ್ಕಿಕೊಳ್ಳುತ್ತದೆ. ನೀವು ಗುದ್ದಿದಾಗ ಇನ್ನೂ ಒಳಗೆ ಹೋಗಿ ಕಚ್ಚಿಕೊಂಡಿತು. ಎಳೆದಾಗ ಗುಂಡು ಅಲ್ಲೇ ಉಳಿಯಿತು, ಕೇಸ್ ಬಂತು, ಮದ್ದು ಚೆಲ್ಲಿತು. 1911ರ ಗಂಟಲು ಉದ್ದ. ಅದಕ್ಕೇ ಗೆಳೆಯನಿಗೆ ತೊಂದರೆ ಇಲ್ಲ.

ಸಾಮಾನ್ಯ ಬೋಲ್ಟ್ ಆಗಿದ್ದರೆ ಹಿಡಿ ಕೆಳಗೆ ತಿರುಗಿಸುವಾಗ ಒಂದು ಹಿಡಿತ ಸಿಗುತ್ತದೆ, ತೋಟಾ ಹೇಗೋ ಒಳಗೆ ಹೋಗಿಬಿಡುತ್ತದೆ. ಕೆ31ರಂಥ ನೇರ ಎಳೆಯುವ ಬೋಲ್ಟ್‌ನಲ್ಲಿ ಆ ಬಲ ಇಲ್ಲ. ಸಣ್ಣ ತಪ್ಪನ್ನೂ ಅದು ಸಹಿಸುವುದಿಲ್ಲ.

ಹೀಗೆ ನೋಡಿ. ಮೊದಲು ಬ್ಯಾರೆಲ್ ಒಳಗೆ ಬೆಳಕು ಕಾಣುತ್ತದಾ, ಗುಂಡು ಉಳಿದಿಲ್ಲ ತಾನೇ ನೋಡಿ. ಆಮೇಲೆ ಸೈಜ್ ಮಾಡಿದ ಖಾಲಿ ಕೇಸ್, ಗುಂಡಿಲ್ಲದೆ, ಚೇಂಬರ್‌ಗೆ ಹಾಕಿ ಬೋಲ್ಟ್ ಮುಚ್ಚಿ. ಮುಚ್ಚಿದರೆ ಕೇಸ್ ಸರಿ ಇದೆ. ಮುಚ್ಚದಿದ್ದರೆ ಕೇಸನ್ನು ಅಳತೆಗೆ ತರುವ ಅಚ್ಚು, ಅಂದರೆ ಡೈ, ಸಾಕಷ್ಟು ಇಳಿದಿಲ್ಲ, ಅದು ಇನ್ನೊಂದು ಕಥೆ. ಕೇಸ್ ಸರಿ ಇದ್ದರೆ ಮದ್ದು, ಅದಕ್ಕೆ ಕಿಡಿ ಹೊತ್ತಿಸುವ ಪ್ರೈಮರ್ ಎರಡೂ ಇಲ್ಲದ ಒಂದು ತೋಟಾ ಮಾಡಿ. ಗುಂಡಿಗೆ ಕಪ್ಪು ಮಾರ್ಕರ್ ಬಳಿದು ಮೆತ್ತಗೆ ಒಳಗೆ ಬಿಡಿ. ಗುದ್ದಬೇಡಿ.

ಗ್ರೀಸ್‌ಗೌಡ

ಗಂಟಲು ಗಿಡ್ಡ ಅನ್ನುವುದು ನನಗೂ ಗೊತ್ತಿತ್ತು. ತುಂಬಿದ ತೋಟಾ ಅಂತ ಅವರು ಹೇಳಲೇ ಇಲ್ಲವಲ್ಲ. ಆದರೂ ಲಗ್ ಜಾಗ ಒಮ್ಮೆ ನೋಡಿ.

ಓಹಾಯೋ_ಹಳ್ಳಿಹೈದ

ನೋಡಿದೆ. ಖಾಲಿ ಕೇಸ್ ಹಾಕಿದರೆ ಹೆಬ್ಬೆರಳಲ್ಲೇ ಬೋಲ್ಟ್ ಮುಚ್ಚಿತು. ಮಾರ್ಕರ್ ಬಳಿದ ಡಮ್ಮಿ ಅದೇ ಹಳೇ ಜಾಗದಲ್ಲಿ ನಿಂತಿತು. ಹೊರಗೆ ತೆಗೆದರೆ ಕಪ್ಪು ಬಣ್ಣದ ಮೇಲೆ ನಾಲ್ಕು ಗೀಟು, ಅಳೆದು ಎಳೆದ ಹಾಗೆ.

ಥೂನ್_ತಿಮ್ಮ

ಕೆ31 ಬ್ಯಾರೆಲ್‌ನಲ್ಲಿ ಏಣು ನಾಲ್ಕೇ. ಅವೇ ಸಹಿ ಹಾಕಿ ಕಳಿಸಿವೆ. ಈಗ ಡಮ್ಮಿಯ ಗುಂಡನ್ನು ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳುತ್ತಾ ಹೋಗಿ. ಗೀಟು ಮಾಯವಾದ ಮೇಲೂ ಇನ್ನೊಂದು ಚೂರು ಇಳಿಸಿ. ಆ ಅಳತೆ ಈ ಗುಂಡಿಗೆ ಮಾತ್ರ, ಗುಂಡು ಬದಲಾದರೆ ಮತ್ತೆ ಮೊದಲಿಂದ. ಮುಖ್ಯ ಮಾತು: ಗುಂಡು ಆಳಕ್ಕೆ ಇಳಿದರೆ ಒಳಗೆ ಜಾಗ ಕಡಿಮೆ, ಒತ್ತಡ ಜಾಸ್ತಿ. ಗೆಳೆಯನ ಮದ್ದಿನ ಅಳತೆ ಮರೆತುಬಿಡಿ. ತೋಟಾ ತುಂಬುವ ಪುಸ್ತಕದಲ್ಲಿರುವ ಅತಿ ಕಡಿಮೆ ಅಳತೆಯಿಂದ ಶುರು ಮಾಡಿ. ಈಗಾಗಲೇ ತುಂಬಿಟ್ಟ ತೋಟಾ ಎಲ್ಲ ಬಿಚ್ಚಿ. ಆ ಐದು ಹೊಡೆದಿರಲ್ಲ, ಅವುಗಳ ಪ್ರೈಮರ್ ಚಪ್ಪಟೆ ಆಗಿದೆಯಾ ನೋಡಿ, ಅದು ಒತ್ತಡ ಜಾಸ್ತಿ ಆದ ಗುರುತು.

ಓಹಾಯೋ_ಹಳ್ಳಿಹೈದ

ಎರಡು ಚಪ್ಪಟೆ ಆಗಿವೆ. ಈಗ ಬೆವರು ಬಂತು. ಎಪ್ಪತ್ತು ತೋಟಾ ಬಿಚ್ಚಬೇಕು, ಮ್ಯಾಚ್ ಕೈಬಿಟ್ಟೆ.

ಕೊಡಗಿನ_ಕೋವಿ

ಸ್ಟಾಕಿನ ತುದಿಯ ಲೋಹದ ಬಟ್ ಪ್ಲೇಟ್ ಕೆಳಗೆ ಸೈನಿಕನ ಹೆಸರಿನ ಚೀಟಿ ಇರುತ್ತದಂತೆ, ನಿಜವಾ? ನಿಮ್ಮದರಲ್ಲಿ ಸಿಕ್ಕಿತಾ?

ಓಹಾಯೋ_ಹಳ್ಳಿಹೈದ

ಸಿಕ್ಕಿತು. ಹೆಸರು, ತುಕಡಿ ಎಲ್ಲ ಇದೆ. ಮತ್ತೆ ಹಾಗೇ ಒಳಗಿಟ್ಟೆ. ಸ್ಟಾಕಿನ ಕೆಳಭಾಗ ಮಾತ್ರ ಪೂರ್ತಿ ಜಜ್ಜಿಹೋಗಿದೆ.

ಬಂದೂಕು_ಪಂಡಿತ

ಬೂಟಿಗೆ ಅಂಟಿದ ಹಿಮ ಕೊಡವಲು ಸ್ಟಾಕಿಗೆ ಒದೆಯುತ್ತಿದ್ದರು. ಎಲ್ಲರಿಗೂ ಗೊತ್ತಿರುವ ವಿಷಯ.

ಥೂನ್_ತಿಮ್ಮ

ರೈಫಲ್‌ಗೆ ಒದ್ದರೆ ಸಾರ್ಜೆಂಟ್ ಸುಮ್ನೆ ಬಿಡುತ್ತಿದ್ದನಾ? ಒದ್ದೆ ನೆಲದಲ್ಲಿ ಇಟ್ಟು ಇಟ್ಟು ಹಾಗಾಗಿದ್ದು ಅಂತ ನನ್ನ ಅನಿಸಿಕೆ. ಇಲ್ಲಿ ಫೆಲ್ಡ್‌ಶೀಸೆನ್ ಅನ್ನುವ ಗುರಿ ಹೊಡೆಯುವ ಹಬ್ಬದ ದಿನ ಮುದುಕರು ಕೆ31 ಹಿಡಿದು ಬರುವುದನ್ನು ನೋಡಬೇಕು. 300 ಮೀಟರ್, 18 ಗುಂಡು, ಪೂರ್ತಿ ಅಂಕ 72. ಸ್ಟಾಕ್ ಜಜ್ಜಿದ್ದರೂ ಬೋಲ್ಟ್ ಕನ್ನಡಿ ಹಾಗಿರುತ್ತದೆ. ನಾನು ಕ್ಲಬ್‌ನ ರೈಫಲ್‌ನಲ್ಲಿ ಹೋದ ಸಲ 61 ಹೊಡೆದೆ, ಸುಮ್ನೆ ಹೇಳಿದೆ ಅಷ್ಟೇ.

ಗ್ರೀಸ್‌ಗೌಡ

61 ದೊಡ್ಡದಲ್ಲ. ಬಯೊನೆಟ್ ಫೋಟೋ ಹಾಕಿದ್ದೇನೆ, ಯಾರೂ ಏನೂ ಹೇಳಲಿಲ್ಲ.

ಮಲೆನಾಡು_ಮಾರ್ಕ್ಸ್‌ಮನ್

ನನಗೂ ಇದೇ ಸಮಸ್ಯೆ! ಬೋಲ್ಟ್ ಬಿಗಿ. ನನ್ನದು 1889 ಮಾದರಿ, ಹನ್ನೆರಡು ತೋಟಾ ಹಿಡಿಯುವ ಮ್ಯಾಗಜಿನ್. ಒಂದು ಪೆಟ್ಟಿಗೆ ಜಿಪಿ11 ಸಿಕ್ಕಿದೆ. ಎಣ್ಣೆ ಹಾಕಿ ತಳ್ಳಿದರೆ ಹೋಗುವ ಹಾಗಿದೆ. ನಾಳೆ ರೇಂಜ್‌ಗೆ ಹೊರಟಿದ್ದೇನೆ.

ಥೂನ್_ತಿಮ್ಮ

ಹೊಡೆಯಬೇಡಿ. 1889ಕ್ಕೆ ಬೇಕಾದದ್ದು ಹಳೇ ಜಿಪಿ90 ತೋಟಾ, ಒತ್ತಡ ಕಡಿಮೆ. ಅದರಲ್ಲಿ ಲಗ್‌ಗಳು ತುಂಬ ಹಿಂದೆ ಇವೆ, ಜಿಪಿ11ರ ಒತ್ತಡ ತಡೆಯುವುದಕ್ಕೆ ಅದನ್ನು ಮಾಡಿಲ್ಲ. ನಿಮ್ಮದು ಆಮೇಲಿನ 96/11 ಮಾದರಿ ಆಗಿದ್ದರೆ ಮಾತು ಬೇರೆ, ಅದಕ್ಕೆ ಹೊಸ ಬ್ಯಾರೆಲ್ ಹಾಕಿದ್ದರು. ರಿಸೀವರ್ ಫೋಟೋ ಹಾಕಿ, ನೋಡೋಣ.

ಥೂನ್_ತಿಮ್ಮ

ಮಲೆನಾಡು ಅವರೇ, ಇದ್ದೀರಾ? ಹೊಡೆಯಲಿಲ್ಲ ತಾನೇ?

ಗ್ರೀಸ್‌ಗೌಡ

1889 ಅಂದರೆ ಖಂಡಿತ ಗ್ರೀಸ್.

ಥೂನ್_ತಿಮ್ಮ

ಗೌಡರೇ, ನೀವು ಸ್ವಲ್ಪ ಸುಮ್ಮನಿರಿ. ಮಲೆನಾಡು, ಒಂದು ಸಾಲು ಬರೆದು ಹೋಗಿ.